ಗೋಡೆಯ ಡಬ್ಬಿಗೆ ಜ್ವರ

ಇಂಡಿಯಾದಿಂದ ಬಂದು ಟೂಟಿಂಗ್‌ನ ಈ ಹಳೇ ಮನೆಯಲ್ಲಿ ನಾನು ರೂಮು ಹಿಡಿದ ಮೇಲೆ, ಹೀಟಿಂಗ್ ತಕರಾರಿಲ್ಲದೆ ಒಂದು ವಾರ ಕಳೆದ ನೆನಪಿಲ್ಲ. ಮನೆಯ ಅಂಕಲ್ ಬೆಂಗಳೂರಿನ ಸಾಫ್ಟ್‌ವೇರ್ ಮನುಷ್ಯ, ಆಂಟಿ ಧಾರವಾಡದ ಡಾಕ್ಟರ್. ಈ ಚಳಿಗಾಲಕ್ಕೆ ಆಂಟಿಯ ಅಮ್ಮ ಬರುವವರಿದ್ದರು. ಹೋದ ಸಲ ಮೂರು ತಿಂಗಳಿಗೆಂದು ಬಂದವರು ಒಂಬತ್ತನೇ ದಿನ ವಾಪಸು ಹೋಗಿದ್ದರಂತೆ.

"ಈ ಸಲಾನೂ ಮನಿ ಥಂಡಿ ಇತ್ತಂದ್ರ ಅವ್ವ ಮತ್ತ ಬರಂಗಿಲ್ಲ ನೋಡ್ರಿ," ಎಂದರು ಆಂಟಿ. ಅಂಕಲ್ ಹೊಸ ಥರ್ಮೋಸ್ಟಾಟ್ ತಂದು ಹಾಲ್‌ನ ಗೋಡೆಗೆ ಹಾಕಿಸಿದರು. ಎಷ್ಟು ಗಂಟೆಗೆ ಮನೆ ಬೆಚ್ಚಗಾಗಬೇಕೆಂದು ಒಮ್ಮೆ ಹೇಳಿಟ್ಟರೆ ಸಾಕು, ಸುತ್ತಲಿನ ಬಿಸಿ ಅಳೆದು ಮಿಕ್ಕಿದ್ದು ಆ ಬಿಳಿ ಡಬ್ಬಿಯೇ ನೋಡಿಕೊಳ್ಳುತ್ತದೆ ಅಂತ.

೧. ಬೆಳಿಗ್ಗೆ ಆರು ಗಂಟೆ

ಆರಕ್ಕೆ ಸೆಟ್ ಮಾಡಿದ್ದಾಯಿತು. ಮೊದಲ ವಾರ ನಾವು ಮಲಗಿದಾಗ ಬೆವರಿದೆವು, ಸ್ನಾನಕ್ಕೆ ಎದ್ದಾಗ ನಡುಗಿದೆವು. ಅಂಕಲ್ ಬ್ಯಾಟರಿ ಬದಲಾಯಿಸಿದರು, ಪುಸ್ತಿಕೆಯನ್ನು ಎರಡು ಸಲ ಓದಿದರು. ಒಂದು ದಿನ ಏಳು ಗಂಟೆಗೆ ಆಫೀಸಿಗೆ ಹೊರಟವಳು ಡಬ್ಬಿ ನೋಡಿದೆ. ಅದರಲ್ಲಿ ಹನ್ನೆರಡೂವರೆ. ಅಂಕಲ್‌ಗೆ ಹೇಳುವ ಧೈರ್ಯವಾಗದೆ ಆಂಟಿಯ ಕಿವಿಯಲ್ಲಿ ಹೇಳಿದೆ. ಅವರು ಅದನ್ನೇ ಜೋರಾಗಿ ಅಂಕಲ್‌ಗೆ ಹೇಳಿದರು.

"ಸಾಧ್ಯವೇ ಇಲ್ಲ. ನನ್ನ ವಾಚ್ ನೋಡ್ಕೊಂಡೇ ಸೆಟ್ ಮಾಡಿದ್ದು," ಎಂದು ಅಂಕಲ್ ಕೈ ಚಾಚಿದರು. ಬೆಂಗಳೂರಿನ ಟೀಮ್ ಜೊತೆ ದಿನಾ ಮೀಟಿಂಗು ಅಂತ ಅವರ ವಾಚು ಸದಾ ಇಲ್ಲಿಗಿಂತ ಐದೂವರೆ ಗಂಟೆ ಮುಂದಿರುವ ಇಂಡಿಯಾದ ಟೈಮಿನಲ್ಲೇ ಇರುತ್ತದೆ.

"ನಾವು ಬಂದು ಹತ್ತು ವರ್ಷ ಆತು," ಎಂದರು ಆಂಟಿ. "ನಿಮ್ಮ ವಾಚು ಇನ್ನೂ ವಿಮಾನ ಹತ್ತಿಲ್ಲ."

೨. ಬಿಳೀ ಸೋರಿಕೆ

ಡಬ್ಬಿಯ ಗಡಿಯಾರ ಸರಿಮಾಡಿದ ಮರುದಿನ, ಮೊದಲೇ ಕರೆದಿದ್ದ ಹೀಟಿಂಗ್ ಎಂಜಿನಿಯರ್ ಬಂದ. ಬಂದಿದ್ದೇನೆ, ಒಮ್ಮೆ ನೋಡಿಯೇ ಹೋಗುತ್ತೇನೆ ಎಂದ. ಅಡುಗೆಮನೆಯಲ್ಲಿ ಬಿಸಿನೀರು ಹರಿಯುವ ಕಬ್ಬಿಣದ ರೇಡಿಯೇಟರ್ ಹಿಂದೆ ಟಾರ್ಚ್ ಬಿಟ್ಟವನ ಮುಖ ಇಳಿಯಿತು. ಗೋಡೆಯುದ್ದಕ್ಕೂ ಬಿಳಿಯ ದ್ರವ ಇಳಿದಿತ್ತು. ಬೆರಳಲ್ಲಿ ಮುಟ್ಟಿ ಮೂಸಿ ನೋಡಿದ.

ಈ ಚಳಿಗೆ ದೋಸೆ ಹಿಟ್ಟು ಹುಳಿಯುವುದಿಲ್ಲವೆಂದು ಆಂಟಿ ಪಾತ್ರೆಗೆ ಟವೆಲ್ ಸುತ್ತಿ ರೇಡಿಯೇಟರ್ ಮೇಲೆ ಇಡುತ್ತಾರೆ. ಗಡಿಯಾರ ಸರಿಹೋದ ಖುಷಿಗೆ ಅವತ್ತು ಹಿಟ್ಟೂ ಉಕ್ಕಿತ್ತು.

"ಇದರೊಳಗೆ ಯಾವ ಕೆಮಿಕಲ್ ಹಾಕಿದ್ದೀರಿ?" ಎಂದು ಎಂಜಿನಿಯರ್ ಕೇಳಿದ.

ಆಂಟಿ ಆಸ್ಪತ್ರೆಯ ದನಿಯಲ್ಲಿ, "ಉದ್ದಿನ ಬೇಳೆ," ಎಂದರು.

ಅವನು ನೋಟ್‌ಬುಕ್ ತೆಗೆದ. "ಎಷ್ಟು?"

"ಮೂರು ಅಕ್ಕಿಗೆ ಒಂದು."

೩. ಪೇಷಂಟ್

ಆಂಟಿಯ ಅಮ್ಮ, ನನಗೆ ಅಜ್ಜಿ, ಬಂದರು, ಎರಡು ದೊಡ್ಡ ಹಿತ್ತಾಳೆ ದೀಪಗಳ ಸಮೇತ. ಅಲ್ಲಿಂದ ಹೊಸ ರೋಗ ಶುರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹೀಟಿಂಗ್ ತಾನಾಗಿ ನಿಲ್ಲುತ್ತಿತ್ತು. ಮನೆಯೆಲ್ಲ ಮಂಜುಗಡ್ಡೆ, ಡಬ್ಬಿ ಮಾತ್ರ ಇಪ್ಪತ್ತೈದು ಡಿಗ್ರಿ ತೋರಿಸುತ್ತಿತ್ತು. ಅಂಕಲ್ ಎಕ್ಸೆಲ್ ಶೀಟ್ ತೆರೆದರು. ಅಜ್ಜಿ ನಾಲ್ಕನೇ ದಿನ ಮೂರನೇ ಸ್ವೆಟರ್ ಹಾಕಿಕೊಂಡು, "ರವಿವಾರದ ಟಿಕೀಟು ನೋಡ್ರಿ," ಎಂದರು. ಆಂಟಿ ಎದ್ದು ಒಳಗೆ ಹೋದರು.

ಕಾರಣ ನನಗೆ ಎರಡು ದಿನದಿಂದ ಗೊತ್ತಿತ್ತು. ದೇವರ ಶೆಲ್ಫು ಡಬ್ಬಿಯ ಕೆಳಗೇ ಇದೆ. ಆಂಟಿ ಬರೀ ಕರೆಂಟಿನ ದೀಪ ಹಚ್ಚುತ್ತಿದ್ದರು, ಅಜ್ಜಿಯದು ಐದೈದು ಬತ್ತಿ. ಆದರೆ ದೇವರ ದೀಪದ ಮೇಲೆ ತಪ್ಪು ಹೊರಿಸುವುದು ಹೇಗೆ? ಆ ಸಂಜೆ ಆಂಟಿಯ ಮುಖ ನೋಡಲಾಗದೆ, ಅಲ್ಲೇ ಸೋಫಾದಲ್ಲಿ ಕೂತು ಮನೆಯ ವಾಟ್ಸಾಪ್ ಗ್ರೂಪಿಗೆ ಇಂಗ್ಲಿಷಿನಲ್ಲಿ ಬರೆದು ಹಾಕಿದೆ. ಎರಡು ಫೋನು ಒಟ್ಟಿಗೇ ಸದ್ದು ಮಾಡಿದವು.

"ಇಲ್ಲೇ ಕೂತು ಏನು ಬರದಾಳ ಇಕಿ?" ಎಂದರು ಅಜ್ಜಿ.

"ದೀಪದ ಬಿಸಿಗೆ ಡಬ್ಬಿ ಮನೆಯೆಲ್ಲ ಬೆಚ್ಚಗಿದೆ ಅಂದ್ಕೊಂಡು ಹೀಟಿಂಗ್ ಆರಿಸ್ತಿದೆಯಂತೆ," ಎಂದರು ಅಂಕಲ್. ನಾನು ಕಾರ್ಪೆಟ್ ನೋಡುತ್ತಾ ಕೂತೆ. "ದೇವರನ್ನ ಸ್ವಲ್ಪ ಪಕ್ಕಕ್ಕೆ..." ಎಂದು ಶುರುಮಾಡಿದವರು ಅಜ್ಜಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಅಜ್ಜಿ ಎದ್ದು ಅಂಗೈ ಮಗುಚಿ, ಮಗುವಿನ ಹಣೆ ಮುಟ್ಟುವ ಹಾಗೆ ಡಬ್ಬಿ ಮುಟ್ಟಿದರು. "ಮೈ ಸುಡಾಕತ್ತದ. ಡಾಕ್ಟರ್ ಆಗಿ ಇಷ್ಟೂ ತಿಳೀಲಿಲ್ಲೇನ ನಿನಗ?" ಎಂದು ಮಗಳನ್ನು ಕೇಳಿ, ಕರವಸ್ತ್ರ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ ಅದರ ಮೇಲೆ ಹಾಕಿದರು.

ಐದು ನಿಮಿಷಕ್ಕೆ ಡಬ್ಬಿ ತಣ್ಣಗಾಗಿ ಬಾಯ್ಲರ್ ಗುರ್ ಎಂದಿತು. ಊಟದ ಹೊತ್ತಿಗೆ ಅಂಕಲ್ ಬನಿಯನ್ನಿನಲ್ಲಿದ್ದರು, ನಾನು ಕಾಲುಚೀಲ ಬಿಚ್ಚಿದ್ದೆ. ಅಂಕಲ್ ಮೆಲ್ಲಗೆ ಕಿಟಕಿಗೆ ಕೈ ಹಾಕಿದರು.

"ಕಿಟಕಿ ಮುಟ್ಟಬ್ಯಾಡ್ರಿ," ಎಂದರು ಅಜ್ಜಿ, ಕರವಸ್ತ್ರ ಬದಲಾಯಿಸುತ್ತಾ. ಸ್ವೆಟರ್ ಮೂರೂ ಕುರ್ಚಿಯ ಮೇಲಿದ್ದವು.

"ಹಾಗಾದ್ರೆ ರವಿವಾರದ ಟಿಕೀಟು?" ಎಂದು ಅಂಕಲ್ ಬೆವರೊರೆಸಿಕೊಂಡರು.

"ಇಂಥಾ ಪೇಷಂಟ್ ಬಿಟ್ಟು ಹ್ಯಾಂಗ ಹೋಗ್ಲಿ?"