ನಕ್ಷೆ ವಾಲಿತು, ಬಾಗಿಲು ತಿರುಗಿತು

ಭೂಮಿ ಗುಂಡಗಿದೆ, ಗೋಡೆ ಚಪ್ಪಟೆಯಾಗಿದೆ. ಇವೆರಡನ್ನೂ ಹೊಂದಿಸುವುದೇ ಹೊಟ್ಟೆಪಾಡಾದವನಿಗೆ ಎಡವಟ್ಟುಗಳ ಬರವೇ? ನಾನು ವಿಜಯಪುರದ ಕಡೆಯವನು. ನಾಸಿಕ್‌ನಲ್ಲಿ ಡ್ರೋನ್ ಫೋಟೋಗಳನ್ನು ಕಂಪ್ಯೂಟರಿನ ನಕ್ಷೆಯ ಮೇಲೆ ಸರಿಯಾದ ಜಾಗಕ್ಕೆ ಕೂರಿಸುವುದು ನನ್ನ ಕೆಲಸ. ದಿನಾ ಇಡ್ಲಿ ತಿನ್ನುವ ಹೋಟೆಲಿನ ಯಜಮಾನರು ಕುಂದಾಪುರದವರು. ಮೂವತ್ತು ವರ್ಷ ದುಡಿದು, ಸಂಭಾಜಿನಗರದ ಚಿಕಲಠಾಣಾದಲ್ಲಿ ಎರಡನೇ ಹೋಟೆಲ್ ಕಟ್ಟಿಸಿದ್ದರು. ಶುಕ್ರವಾರ ಉದ್ಘಾಟನೆ. ಅಷ್ಟರೊಳಗೆ ಗೋಡೆಗೆ ಭಾರತದ ನಕ್ಷೆ ಬೇಕು, ಅದರಲ್ಲಿ ಎರಡೂ ಹೋಟೆಲುಗಳ ಡ್ರೋನ್ ಫೋಟೋ ಇರಬೇಕು ಎಂದರು. "ಅದೇನ್ ದೊಡ್ಡದ್ರಿ!" ಎಂದುಬಿಟ್ಟೆ.

೧. ಸಮುದ್ರದಲ್ಲಿ ಹೋಟೆಲ್

ಗುಂಡಗಿನ ಭೂಮಿಯನ್ನು ಚಪ್ಪಟೆ ಮಾಡುವ ಲೆಕ್ಕಕ್ಕೆ ಪ್ರೊಜೆಕ್ಷನ್ ಎನ್ನುತ್ತಾರೆ. ಫೋಟೋವನ್ನು ಒಂದು ಪ್ರೊಜೆಕ್ಷನ್‌ನಿಂದ ಇನ್ನೊಂದಕ್ಕೆ ಬದಲಿಸಬೇಕು. ನಾನು ಅವಸರದಲ್ಲಿ ಪ್ರೊಜೆಕ್ಷನ್ನಿನ ಹೆಸರನ್ನಷ್ಟೇ ಬದಲಿಸಿದೆ. ಕವರಿನ ಮೇಲೆ ತಪ್ಪು ವಿಳಾಸ ಬರೆದ ಹಾಗೆ. ನಾಸಿಕ್‌ನ ಹೋಟೆಲ್ ಹೋಗಿ ಅರಬ್ಬೀ ಸಮುದ್ರದ ನಡುವೆ ಕೂತಿತು. ಪರದೆ ನೋಡಿದ ಯಜಮಾನರ ಮುಖ ಸಣ್ಣಗಾಯಿತು.

"ಎಂತ ಮಾರಾಯ್ರೆ, ಆ ಸಮುದ್ರ ಬಿಟ್ಟು ಬರಲಿಕ್ಕೆ ನಾನು ಎಷ್ಟು ಕಷ್ಟಪಟ್ಟಿದ್ದೆ! ನೀವು ಹೋಟೆಲ್ ಸಮೇತ ವಾಪಸ್ ಕಳಿಸಿದ್ರಲ್ಲ!"

೨. ಕಪ್ಪು ಮೂಲೆಗಳು

ಎರಡನೇ ಸಲ ಸರಿಯಾಗಿಯೇ ಬದಲಿಸಿದೆ. ಆದರೆ ಇಡೀ ದೇಶದ ನಕ್ಷೆಗೆ ಹೊಂದಿಸುವಾಗ ಫೋಟೋ ಚೂರು ವಾಲಿಕೊಳ್ಳುತ್ತದೆ, ಮೂಲೆಗಳಲ್ಲಿ ಕಪ್ಪು ಉಳಿಯುತ್ತದೆ. ಶುಭಕಾರ್ಯಕ್ಕೆ ಕಪ್ಪೇ ಎಂದು ಯಜಮಾನರು ಹೌಹಾರಿದರು. ಅವರ ಹೆಂಡತಿ ಮಾತ್ರ ಖುಷಿಯಾಗಿ, "ಇರಲಿ ಬಿಡಿ, ದೃಷ್ಟಿಬೊಟ್ಟು ಆಯ್ತು" ಎಂದರು.

"ದೃಷ್ಟಿಬೊಟ್ಟು ಒಂದು ಸಾಲದಾ? ನಾಲ್ಕು ಯಾಕೆ?" ಎಂದರು ಯಜಮಾನರು.

"ನಮ್ಮ ನಾಲ್ಕೂ ದಿಕ್ಕಿಗೆ ಬೇರೆಯವರ ಹೋಟೆಲ್ ಉಂಟಲ್ಲ!"

೩. ಆಗ್ನೇಯದ ಬಾಗಿಲು

ಆ ನಕ್ಷೆಯನ್ನೇ ಗೋಡೆಗೆ ಹಾಕಲು ಒಯ್ದಿದ್ದ ಯಜಮಾನರು ಬುಧವಾರ ಚಿಕಲಠಾಣಾದಿಂದ ಫೋನು ಮಾಡಿದರು. ವಾಸ್ತುವಿನವರು ನಕ್ಷೆ ನೋಡಿ, ಪೂರ್ವದ ಬಾಗಿಲು ಆಗ್ನೇಯಕ್ಕೆ ತಿರುಗಿದೆ, ಹೀಗೇ ತೆರೆದರೆ ಹೋಟೆಲ್ ಮುಳುಗುತ್ತದೆ ಎಂದಿದ್ದರಂತೆ.

"ಬಾಗಲಾ ಸರಿ ಐತ್ರಿ, ವಾಲಿದ್ದು ಫೋಟೋ. ನಾ ನೆಟ್ಟಗ ಮಾಡ್ಕೊಂಡು ತರ್ತೀನ್ರಿ" ಎಂದೆ.

"ಅಷ್ಟು ಮೇಲಿಂದ ತೆಗೆದ ಫೋಟೋ ಸುಳ್ಳು ಹೇಳ್ತದಾ? ಕೆಳಗೆ ನಿಂತ ನಮಗೆ ಎಂತ ಗೊತ್ತು!" ಎಂದು ಫೋನಿಟ್ಟರು.

ಆ ಹೋಟೆಲಿನ ಫೋಟೋವನ್ನು ಆ ಊರಿಗೇ ಹೊಂದುವ ಪ್ರೊಜೆಕ್ಷನ್‌ಗೆ ಬದಲಿಸಿ, ನೆಟ್ಟಗೆ ಮಾಡಿ, ಬೇರೆಯಾಗಿಯೇ ಪ್ರಿಂಟ್ ಹಾಕಿಸಿದೆ. ಶುಕ್ರವಾರ ಬೆಳಗ್ಗೆ ಮನ್ಮಾಡ್ ಮೂಲಕ ಹೋಗುವ ರೈಲು ಹಿಡಿದು ಹೋದೆ. ನೋಡಿದರೆ, ಯಜಮಾನರು ಆಗಲೇ ಗಾರೆಯವರನ್ನು ಕರೆಸಿ, ಚೌಕಟ್ಟು ಕಿತ್ತು, ಬಾಗಿಲನ್ನು ಸೊಟ್ಟಗೆ ಕೂರಿಸಿಬಿಟ್ಟಿದ್ದರು! ಬಂದವರೆಲ್ಲ ಒಂದು ಭುಜ ಮುಂದೆ ಮಾಡಿ ಒಳಗೆ ಹೋಗುತ್ತಿದ್ದರು. ಪಾಪ, ನನ್ನಿಂದ ಒಳ್ಳೇ ಮನುಷ್ಯನ ಹೊಸ ಹೋಟೆಲ್ ಹಾಳಾಯಿತಲ್ಲ ಎಂದು ನನಗೆ ಅಳುವೇ ಬಂತು. ತಪ್ಪೊಪ್ಪಿಕೊಳ್ಳೋಣವೆಂದು ಹೊಸ ಪ್ರಿಂಟ್ ಬಿಚ್ಚಿದೆ. ಅದರಲ್ಲಿ ಬಾಗಿಲು ನೆಟ್ಟಗೆ ಪೂರ್ವಕ್ಕಿತ್ತು.

ಯಜಮಾನರು ಪ್ರಿಂಟ್ ನೋಡಿದರು, ಸೊಟ್ಟ ಬಾಗಿಲು ನೋಡಿದರು. ಕಣ್ಣಲ್ಲಿ ನೀರು ತುಂಬಿಕೊಂಡು ಹೆಂಡತಿಯನ್ನು ಕೂಗಿದರು.

"ಇಲ್ಲಿ ಬಾ ಮಾರಾಯ್ತಿ, ನೋಡು! ನಾವು ಬಾಗಿಲು ತಿರುಗಿಸಿದ್ದು ನಿನ್ನೆ ಸಂಜೆ, ಇವತ್ತಾಗಲೇ ಫೋಟೋದಲ್ಲಿ ಸರಿಯಾಗಿ ಬಂದುಬಿಟ್ಟಿದೆ!"