ಭಾವನವರ ಮೀಟರಿಗೆ ಕುಂಕುಮ

ನನ್ನ ಹೆಂಡತಿಯ ಅಣ್ಣ, ಅಂದರೆ ನಮ್ಮ ಭಾವನವರು, ದೇವರೇ ಪ್ರತ್ಯಕ್ಷನಾದರೂ ಮೊದಲು ಮೀಟರ್ ಹಚ್ಚಿ ರೀಡಿಂಗ್ ನೋಡಿ, ಆಮೇಲಷ್ಟೇ ಕೈಮುಗಿಯುವ ಪೈಕಿ! ಧಾರವಾಡದವರು, ಈಗ ಮಿಶಿಗನ್ನಿನ ಡಿಯರ್‌ಬಾರ್ನ್‌ನಲ್ಲಿ ಕಾರಿನ ಬ್ಯಾಟರಿಗಳನ್ನು ಪರೀಕ್ಷಿಸುವ ಎಂಜಿನಿಯರ್. ಮದುವೆಯ ಗೊಡವೆಗೆ ಹೋದವರಲ್ಲ. ಬೇರೆಯವರು ಜೇಬಿನಲ್ಲಿ ಪೆನ್ನು ಇಟ್ಟುಕೊಂಡರೆ ಇವರು ಕರೆಂಟು ಅಳೆಯುವ ಮಲ್ಟಿಮೀಟರ್ ಇಟ್ಟುಕೊಳ್ಳುತ್ತಾರೆ. ಒಮ್ಮೆ ಹೋಟೆಲೊಂದರಲ್ಲಿ ನಮ್ಮ ಮಗಳ ಹುಟ್ಟುಹಬ್ಬ. ಎಲ್ಲರೂ ಕೇಕಿಗೆ ಕಾಯುತ್ತಿದ್ದರೆ ಇವರು ಉಡುಗೊರೆ ಬಂದ ಗೊಂಬೆಯ ಹೊಟ್ಟೆ ಬಿಚ್ಚಿ ಬ್ಯಾಟರಿ ಅಳೆಯುತ್ತಾ ಕೂತಿದ್ದರು.

"ಮಾಮಾ, ದಟ್ಸ್ ಮೈ ಗಿಫ್ಟ್!" ಎಂದು ಮಗಳು ಕಿರುಚಿದಳು.

"ಗಿಫ್ಟ್ ಅಂತನ ನೋಡಾಕತ್ತೀನಿ. ಕೊಟ್ಟವರು ನೋಡಿರೂದಿಲ್ಲ" ಎಂದರು.

ಇಂಥವರು ಪ್ಲೇನ್‌ಫೀಲ್ಡಿನ ನಮ್ಮ ಮನೆಗೆ ಮಾತ್ರ ಬರುತ್ತಿರಲಿಲ್ಲ. ತಂಗಿಯನ್ನು ಕೊಟ್ಟ ಮನೆಗೆ ಕೆಲಸವಿಲ್ಲದೆ ಹೋಗಿ ಕೂರಬಾರದು ಎಂಬುದು ಅವರ ಮನೆತನದ ರೂಢಿಯಂತೆ. ಮಿಶಿಗನ್ನಿನ ಚಳಿಯಲ್ಲಿ ಒಬ್ಬರೇ ಅನ್ನ ಬೇಯಿಸಿಕೊಂಡು ಉಂಡರೂ ರೂಢಿ ರೂಢಿಯೇ! ಹೆಂಡತಿ ಕರೆದು ಕರೆದು ಸೋತಿದ್ದಳು.

"ಏನರ ಕೆಲಸ ಐತೇನು?"

"ಕೆಲಸ ಏನಿಲ್ಲಣ್ಣಾ, ಸುಮ್ನ ಬಾ."

"ಸುಮ್ನ ಹೆಂಗ ಬರೂದು?"

ಕೊನೆಗೆ ಅವರಿಗೆ ಕೆಲಸ ಹುಟ್ಟಿಸಿದವನು ನಾನು. ಸಿಗರೇಟು ಬಿಡುತ್ತೇನೆಂದು ವೇಪ್, ಅಂದರೆ ಬ್ಯಾಟರಿ ಸಿಗರೇಟು, ಹಿಡಿದೆ. ಅದು ಸಾಲದೆ ಅದರೊಳಗೆ ಬಿಸಿಯಾಗಿ ಹೊಗೆ ಎಬ್ಬಿಸುವ ಕಾಯಿಲನ್ನು ನಾನೇ ಸುತ್ತಿಕೊಳ್ಳುವ ಹುಚ್ಚು ಹತ್ತಿತು. ತೆಳ್ಳನೆ ತಂತಿಯನ್ನು ಕಡ್ಡಿಗೆ ಸುತ್ತಿ ಸ್ಪ್ರಿಂಗಿನಂತೆ ಮಾಡಿ, ಎರಡು ಸ್ಕ್ರೂಗಳಿಗೆ ಬಿಗಿದು, ನಡುವೆ ಹತ್ತಿ ತೂರಿಸುವುದು. ಅಷ್ಟೇ ತಾನೇ? ಫೋನಿನಲ್ಲಿ ಭಾವನವರಿಗೆ ಹೆಮ್ಮೆಯಿಂದಲೇ ಹೇಳಿದೆ.

"ರೆಸಿಸ್ಟೆನ್ಸ್ ಎಷ್ಟೈತ್ರಿ?"

"ನೋಡಿಲ್ಲ ಭಾವ. ಹೊಗೆ ಮಾತ್ರ ಜೋರಾಗಿ ಬರ್ತಿದೆ!"

ಆ ಕಡೆ ಕಾರಿನ ಕೀಲಿಕೈ ಸದ್ದಾಯಿತು. ಆಮೇಲೆ, "ಅದನ್ನ ಮುಟ್ಟಬ್ಯಾಡ್ರಿ. ನಾ ಬರ್ತೀನಿ."

ಬಂದೇ ಬಿಟ್ಟರು! ಇನ್ನೂರೆಂಬತ್ತು ಮೈಲಿ, ಒಂದು ಬೆರಳುದ್ದದ ತಂತಿಗಾಗಿ. ಬೂಟು ಬಿಚ್ಚುವ ಮೊದಲೇ ನನ್ನ ವೇಪಿನ ಬ್ಯಾಟರಿ ಹೊರಗೆ ತೆಗೆದರು. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದರು. ಇದೇಕೆ? ಕಡ್ಡಿಗೂ ಅದರ ತಂತಿಗೂ ತಮ್ಮದೇ ಒಂದಿಷ್ಟು ರೆಸಿಸ್ಟೆನ್ಸ್, ಅಂದರೆ ಕರೆಂಟನ್ನು ತಡೆಯುವ ಗುಣ, ಇರುತ್ತದಂತೆ. ಅದನ್ನು ಕಳೆದರೆ ಮಾತ್ರ ಕಾಯಿಲಿನ ಲೆಕ್ಕ ನಿಜವಂತೆ. ನನಗೆ ಕುತೂಹಲ ಕೆರಳಿತು. ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತೆ. ಕಾಯಿಲ್ ತಾನು ಕೂತ ಬಟ್ಟಲಿನ ಗೋಡೆಗೆ ತಗುಲಬಾರದು, ಸ್ಕ್ರೂ ಸಡಿಲವಿರಬಾರದು, ಬಿಸಿಯಿದ್ದಾಗ ಅಳೆಯಬಾರದು, ಅಂಕಿ ಕುಣಿಯುತ್ತಿದ್ದರೆ ನಂಬಲೇಬಾರದು. ನನ್ನ ಕಾಯಿಲಿನ ಅಂಕಿಯಂತೂ ಭರತನಾಟ್ಯವನ್ನೇ ಮಾಡುತ್ತಿತ್ತು!

"ರೆಸಿಸ್ಟೆನ್ಸ್ ಭಾಳ ಕಡಿಮಿ ಆತಂದ್ರ ಬ್ಯಾಟರಿ ತಡಕೊಳ್ಳದಷ್ಟು ಕರೆಂಟ್ ಹರೀತೈತ್ರಿ. ಅದೂ ನಿಮ್ಮ ಮೀಸಿ ಕೆಳಗ!" ಎಂದು ಇಡೀ ಕಾಯಿಲನ್ನು ಬಿಚ್ಚಿ ಹೊಸದು ಸುತ್ತಿದರು.

ಅಂದಿನಿಂದ ಕಾಯಿಲ್ ಬದಲಿಸಬೇಕಾದಾಗೆಲ್ಲ ಭಾವನವರು ಹಾಜರ್. ತಾವು ಒಂದು ದಮ್ಮೂ ಎಳೆದವರಲ್ಲ. ಹೊಗೆ ಕಂಡರೆ ಗ್ಯಾರೇಜಿಗೆ ಓಡುವವರು. ಆದರೆ ಕಾಯಿಲ್ ಅಳೆದಾದ ಮೇಲೆ ತಂಗಿ ಬಡಿದ ರೊಟ್ಟಿ ತಿನ್ನಲು ಯಾವ ಅಡ್ಡಿಯೂ ಇರಲಿಲ್ಲ. ಕೆಲಸ ಆಗಿದೆಯಲ್ಲ!

ಆಯುಧಪೂಜೆಯ ದಿನವೂ ಬಂದಿದ್ದರು. ಹೆಂಡತಿ ಎರಡೂ ಕಾರಿಗೆ, ಲ್ಯಾಪ್‌ಟಾಪಿಗೆ, ಕೊನೆಗೆ ಅಣ್ಣನ ಮೀಟರಿಗೂ ಪೂಜೆ ಮಾಡಿದಳು. ಮಧ್ಯಾಹ್ನ ಇವರು ಕಡ್ಡಿಗೆ ಕಡ್ಡಿ ಮುಟ್ಟಿಸಿದರೆ, ಸೊನ್ನೆಯ ಹತ್ತಿರ ನಿಲ್ಲಬೇಕಾದ ಅಂಕಿ ಎಲ್ಲೆಲ್ಲಿಗೋ ಏರುತ್ತಿದೆ! ಬೆವರು ಒರೆಸಿಕೊಂಡರು. ಬ್ಯಾಟರಿ ಬದಲಿಸಿದರು, ವೈರು ಎಳೆದು ನೋಡಿದರು. ಕಡೆಗೆ ಕನ್ನಡಕ ಏರಿಸಿ ತುದಿ ನೋಡಿದರು.

"ತಂಗೀ, ಕಡ್ಡಿ ತುದಿಗೆ ಗಂಧ, ಕುಂಕುಮ ಹಚ್ಚೀಯೇನು?"

"ಅದರ ಹಣಿ ಅದೇ ಅಲ್ಲೇನಣ್ಣಾ?"

ಇದ್ದುದಕ್ಕಿಂತ ಹೆಚ್ಚು ತೋರಿಸುವ ಮೀಟರೇ ಅಪಾಯ, ಅಪಾಯದ ಕಾಯಿಲನ್ನೂ ಒಳ್ಳೆಯದೆಂದು ನಂಬಿಸುತ್ತದೆ ಎಂದು ಅರ್ಧ ಗಂಟೆ ಪಾಠ ಮಾಡಿದರು. ಆದರೆ ಒರೆಸಿದ್ದು ತುದಿಯನ್ನು ಮಾತ್ರ. ಮೀಟರಿನ ಡಬ್ಬಿಯ ಮೇಲಿನ ಕುಂಕುಮ ಇಂದಿಗೂ ಹಾಗೇ ಇದೆ.

ಕಳೆದ ವಾರ ನಾನು ವೇಪನ್ನೂ ಬಿಟ್ಟೆ. ಮೊದಲು ಅವರಿಗೇ ಫೋನ್ ಮಾಡಿದೆ.

"ಭಾಳ ಚಲೋ ಆತ್ರಿ! ಭಾಳ ಚಲೋ ಆತು!" ಎಂದರು. ಮನಸಾರೆ ಹೇಳಿದ ಮಾತು. ಆಮೇಲೆ ಮೆಲ್ಲಗೆ ಕೇಳಿದರು: "ಹಂಗಾರ ಈ ಶನಿವಾರ ಅಲ್ಲಿ ನಂದೇನೂ ಕೆಲಸ ಇಲ್ಲಲ್ರಿ?"

ಎದುರಿಗೆ ಹೆಂಡತಿ ಚಟ್ನಿ ರುಬ್ಬುತ್ತಿದ್ದಳು. ಮಿಕ್ಸಿಯ ಸದ್ದು ಡಿಯರ್‌ಬಾರ್ನ್‌ವರೆಗೂ ಕೇಳಿಸುವಂತಿತ್ತು.

"ಇದೆ ಭಾವ. ಮಿಕ್ಸಿ ಕೆಟ್ಟುಹೋಗಿದೆ" ಎಂದೆ.

ಹೆಂಡತಿ ನನ್ನ ಮುಖ ನೋಡಿದಳು. ಮೆಲ್ಲನೆ ಸ್ವಿಚ್ ಆರಿಸಿದಳು.

ಭಾವನವರು ಸದ್ದು ನಿಲ್ಲುವವರೆಗೆ ಕಾದರು. "ಹೌದಾ? ಅದನ್ನ ಮುಟ್ಟಬ್ಯಾಡ್ರಿ" ಎಂದರು. "ನಾ ಬರ್ತೀನಿ."