ಕೆಂಪು ಧೂಳಿನ ಊರಲ್ಲಿ ಬಿಳಿ ಹತ್ತಿ

ಹತ್ತಿ ವ್ಯಾಪಾರದಲ್ಲಿ ನಗುವಂಥದ್ದೇನಿದೆ ಎಂದು ಕೇಳುವವರು ಅದಿರಿನ ಲಾರಿಗಳ ಧೂಳಿಗೆ ಊರೇ ಕೆಂಪಾಗಿದ್ದ ಗಣಿ ಕಾಲದ ಹೊಸಪೇಟೆಗೆ ಬರಬೇಕಿತ್ತು. ಆಗ ನಾನು ಚಿತ್ತವಾಡ್ಗಿಯ ಒಂದು ಹತ್ತಿ ಮಿಲ್ಲಿನಲ್ಲಿ ಮ್ಯಾನೇಜರು. ಅಳಬೇಕಾದ ದಿನಗಳಲ್ಲೇ ನಗು ಬರುತ್ತಿತ್ತು, ಏನು ಮಾಡೋದು.

ಹುಳದ ಪಾಲು

ಹುಳ ತಿನ್ನದ ಹೊಸ ಹತ್ತಿ ಬೀಜದ ಜೊತೆ ಸಾದಾ ಬೀಜದ ಇನ್ನೊಂದು ಸಣ್ಣ ಪೊಟ್ಟಣ ಬರುತ್ತಿತ್ತು. ಅದನ್ನು ಹೊಲದ ಸುತ್ತ ಬಿತ್ತಿ ಹುಳಕ್ಕೆ ಬಿಟ್ಟುಬಿಡಬೇಕು, ದಿಲ್ಲಿ ಸರ್ಕಾರದ ನಿಯಮ ಎಂದು ಕೃಷಿ ಅಧಿಕಾರಿ ನಮ್ಮ ಮಿಲ್ಲಿನ ಅಂಗಳದಲ್ಲೇ ರೈತರಿಗೆ ತಿಳಿಹೇಳಿದರು.

ಕಂಪ್ಲಿ ಕಡೆಯ ರೈತರೊಬ್ಬರು ಎದ್ದರು. "ಅಲ್ರೀ ಸಾಹೇಬ್ರ, ಬೆಂಬಲ ಬೆಲೆ ಕೇಳಿದ್ರ ದಿಲ್ಲಿ ಭಾಳ ದೂರ ಅಂತೀರಿ. ಹುಳಕ್ಕ ಮಾತ್ರ ದಿಲ್ಲಿಯಿಂದ ಬುತ್ತಿ ಬರ್ತೈತಲ್ಲ!"

ಅಮೆರಿಕದ ಮಳೆ

ಒಂದು ದಿನ ನಮ್ಮ ಮಿಲ್ಲಿನ ಸಾಹುಕಾರರು ಹತ್ತಿಯ ರೇಟು ಇಳಿಸಿದರು. ಸಂಡೂರಿನ ರೈತ ಯಾಕೆಂದು ಕೇಳಿದ.

"ಅಮೆರಿಕದಾಗ ಮಳಿ ಚೊಲೊ ಆಗೇತಪ್ಪ. ಬೆಳಿ ಜಾಸ್ತಿ, ಎಲ್ಲಾ ಕಡೆ ರೇಟು ಬಿದ್ದೈತಿ."

"ನಮ್ಮ ಕಡೆ ಆಗೇತೇನ್ರಿ?"

"ಇಲ್ಲ."

"ಹಂಗಾರ ಅಲ್ಲಿ ಮಳಿಗೆ ಅಲ್ಲಿ ರೇಟು ಇಳಿಸ್ರಿ. ಇಲ್ಲಿ ಆಗದ ಮಳಿಗೆ ಇಲ್ಲಿ ಏರಸ್ರಿ!"

ಸಾಹುಕಾರರು ನನ್ನ ಮುಖ ನೋಡಿದರು. ನಾನು ಚಹಾ ತರಿಸಿದೆ.

ಕನ್ನಡಿ

ಆ ವರ್ಷ ಅರಳೆಯನ್ನು ಹೊರದೇಶಕ್ಕೆ ಕಳಿಸುವ ಅವಕಾಶ ಮೊದಲ ಸಲ ಬಂತು. ಅದು ತಪ್ಪಿದರೆ ಮಿಲ್ಲಿಗೆ ಬೀಗ, ಹತ್ತಿಯ ಕಸ ಆರಿಸುವ ಹೆಣ್ಣುಮಕ್ಕಳಿಗೆಲ್ಲ ಕೆಲಸವಿಲ್ಲ. ನನಗಂತೂ ಅನ್ನ ಸೇರುತ್ತಿರಲಿಲ್ಲ.

ಮಾಲು ನೋಡಲು ರಫ್ತು ಕಂಪನಿಯ ಸಾಹೇಬರು ಬೆಂಗಳೂರಿನಿಂದ ಬಂದರು. ಕಾರಿನ ಎಸಿ ಕೆಟ್ಟಿದ್ದರಿಂದ ಯಶವಂತನಗರ, ಸಂಡೂರಿನ ದಾರಿಯುದ್ದಕ್ಕೂ ಕಿಟಕಿ ತೆರೆದುಕೊಂಡು, ಅದಿರಿನ ಲಾರಿಗಳ ಹಿಂದೆಯೇ ಬಂದಿದ್ದರು. ಇಳಿದವರೇ ಅಂಗಳದ ಹತ್ತಿ ರಾಶಿಗೆ ಕೈ ಹಾಕಿದರು. ಬೆರಳು ಕೆಂಪಾಯಿತು.

"ಏನ್ರೀ ಇದು? ಬಿಳಿ ಹತ್ತಿ ಅಂತ ಹೇಳಿ ಕೆಂಪು ಹತ್ತಿ ತೋರಿಸ್ತೀರಾ? ಇದು ನಡೆಯಲ್ಲ."

ಹೆಂಗಸರು ಕೈಕೆಲಸ ಬಿಟ್ಟು ನೋಡುತ್ತ ನಿಂತರು. ಸಾಹುಕಾರರು ಸರ್ರನೆ ಒಳಗೆ ಹೋದರು. ಸಿಟ್ಟಿಗೆ ಬಡಿಗೆ ತರುತ್ತಾರೇನೋ ಎಂದು ನಾನು ಹೆದರಿದೆ. ಅವರು ಗೋಡೆಯ ಕನ್ನಡಿ ತಂದು ಸಾಹೇಬರ ಮುಂದೆ ಹಿಡಿದರು.

"ಬೆಂಗ್ಳೂರು ಬಿಟ್ಟಾಗ ನೀವು ಹಿಂಗ ಇದ್ರೇನ್ರಿ ಸಾಹೇಬ್ರ?"

ಸಾಹೇಬರ ತಲೆ, ಹುಬ್ಬು, ಬಿಳಿ ಅಂಗಿ ಎಲ್ಲ ಕೆಂಪು. ಮೊದಲು ಹೆಂಗಸರು ನಕ್ಕರು, ಆಮೇಲೆ ಸಾಹೇಬರೇ ನಕ್ಕರು. ಮೇಲಿನ ಪದರ ಸರಿಸಿದಾಗ ಒಳಗಿನ ಹತ್ತಿ ಹಾಲಿನಷ್ಟು ಬೆಳ್ಳಗಿತ್ತು. ಮಾಲು ಒಪ್ಪಿದರು. ಧೂಳು ತಾಗದಂತೆ, ಅರಳೆಯನ್ನು ಒತ್ತಿ ಕಟ್ಟಿದ ಬೇಲ್‌ಗಳಿಗೆ ಎರಡೆರಡು ಸುತ್ತು ಬಟ್ಟೆ ಹೊಲಿಯಬೇಕು ಎಂಬ ಷರತ್ತು ಮಾತ್ರ ಹಾಕಿದರು. ನನಗೆ ಹೋದ ಜೀವ ಬಂದಂತಾಯಿತು.

ಹೊರಡುವಾಗ ಡ್ರೈವರು ಹೇಳಿದ: "ಸಾರ್, ವಾಪಸ್ ಅದೇ ರೋಡು."

ಸಾಹೇಬರು ಕಾರಿನಿಂದ ಇಳಿದು ಬಂದು ನಮ್ಮ ಸಾಹುಕಾರರನ್ನು ಕೇಳಿದರು: "ಬೇಲ್‌ಗಳಿಗೆ ಆಮೇಲೆ ಹೊಲೀರಿ. ಮೊದಲು ನನಗೊಂದು ಸುತ್ತು ಹೊಲಿದುಕೊಡ್ತೀರಾ?"